ಲೋಹದ ಕೈ ಹಿಡಿದಾಗ ಹೊಳೆಯುವ ಔಷಧ

"ಈ ಕ್ಯಾಪ್ಸೂಲನ್ನು ಹಾಲಿನ ಜೊತೆ ತಗೋಬೇಡಿ, ಬರೀ ನೀರಿನಲ್ಲೇ ನುಂಗಿ." ಟೆಟ್ರಾಸೈಕ್ಲಿನ್ ಎಂಬ ಔಷಧ ಕೊಡುವಾಗ ಹೇಳುವ ಮಾತಿದು. ಹಾಲು ಒಳ್ಳೆಯದು, ಔಷಧವೂ ಒಳ್ಳೆಯದು. ಎರಡೂ ಸೇರಿದರೆ ತೊಂದರೆ ಏನು?

ಇದೇ ಔಷಧದ ಬಗ್ಗೆ ಇನ್ನೂ ಎರಡು ಒಗಟುಗಳಿವೆ. ಎಂಟು ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ವೈದ್ಯರು ಇದನ್ನು ಸಾಮಾನ್ಯವಾಗಿ ಕೊಡುವುದಿಲ್ಲ. ಯಾಕೆ? ಆಫ್ರಿಕಾದ ಸುಡಾನಿನಲ್ಲಿ ಸಿಕ್ಕ ಸುಮಾರು 1,600 ವರ್ಷ ಹಳೆಯ ಮನುಷ್ಯರ ಮೂಳೆಗಳ ಮೇಲೆ ಅತಿನೇರಳೆ ಬೆಳಕು ಬಿಟ್ಟಾಗ ಅವು ಹಳದಿ-ಹಸಿರಾಗಿ ಹೊಳೆದವು. ಅದು ಹೇಗೆ?

ಈ ಮೂರಕ್ಕೂ ಉತ್ತರ ಒಂದೇ: ಟೆಟ್ರಾಸೈಕ್ಲಿನ್ ಅಣುವಿಗೆ ಲೋಹಗಳ ಕಂಡರೆ ಬಹಳ ಒಲವು. ಲೋಹ ಸಿಕ್ಕಿದರೆ ಸಾಕು, ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಹಿಡಿದ ಮೇಲೆ ಬೆಳಕು ಬಿದ್ದರೆ ಹೊಳೆಯುತ್ತದೆ. ರೋಗಿಯ ಹೊಟ್ಟೆಯಲ್ಲಿ ತೊಂದರೆ ಕೊಡುವ ಈ ಗುಣವೇ ಪ್ರಯೋಗಾಲಯದಲ್ಲಿ ರಸಾಯನ ವಿಜ್ಞಾನಿಗೆ ವರವಾಗಿದೆ. ಆ ಹೊಳಪನ್ನು ಅಳೆದು, ಔಷಧ ಎಷ್ಟಿದೆ ಎಂದು ಲೆಕ್ಕ ಹಾಕಬಹುದು. ಅದು ಹೇಗೆ ಅಂತ ಈ ಸಲ ನೋಡೋಣ.

ನಾಲ್ಕು ಚಕ್ರಗಳ ಅಣು

ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ಬೆಂಜಮಿನ್ ಡಗ್ಗರ್ ಎಂಬ ಹಿರಿಯ ಸಸ್ಯವಿಜ್ಞಾನಿ ಬೇರೆ ಬೇರೆ ಕಡೆಯ ಮಣ್ಣು ತರಿಸಿ ಅದರಲ್ಲಿರುವ ಸೂಕ್ಷ್ಮಜೀವಿಗಳನ್ನು ಪರೀಕ್ಷಿಸುತ್ತಿದ್ದರು. ಮಿಸೌರಿ ವಿಶ್ವವಿದ್ಯಾಲಯದ ಸ್ಯಾನ್‌ಬಾರ್ನ್ ಎಂಬ ಹೊಲದ ಮಣ್ಣಿನಲ್ಲಿ ಒಂದು ಸ್ಟ್ರೆಪ್ಟೊಮೈಸಿಸ್ ಸೂಕ್ಷ್ಮಜೀವಿ ಸಿಕ್ಕಿತು. ಅದು ತಯಾರಿಸುತ್ತಿದ್ದ ಹೊನ್ನಿನ ಬಣ್ಣದ ವಸ್ತು ಹಲವು ಬಗೆಯ ಬ್ಯಾಕ್ಟೀರಿಯಾಗಳ ಬೆಳವಣಿಗೆಯನ್ನು ತಡೆಯುತ್ತಿತ್ತು. ಆರಿಯೋಮೈಸಿನ್ ಎಂಬ ಹೆಸರಿನಲ್ಲಿ 1948ರಲ್ಲಿ ಅದು ಲೋಕಕ್ಕೆ ತಿಳಿಯಿತು. ಆಗ ಆ ಪ್ರಯೋಗಾಲಯದ ಸಂಶೋಧನಾ ನಿರ್ದೇಶಕರಾಗಿದ್ದವರು ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಅದೇ ವರ್ಷ ಅವರು ತೀರಿಕೊಂಡರು.

ಈ ಕುಟುಂಬದ ಔಷಧಗಳಿಗೆಲ್ಲ ಟೆಟ್ರಾಸೈಕ್ಲಿನ್‌ಗಳು ಎಂದು ಹೆಸರು. 'ಟೆಟ್ರಾ' ಅಂದರೆ ನಾಲ್ಕು, 'ಸೈಕಲ್' ಅಂದರೆ ಚಕ್ರ. ನಾಲ್ಕು ಇಂಗಾಲದ ಉಂಗುರಗಳು ಒಂದರ ಪಕ್ಕ ಒಂದು ಅಂಟಿಕೊಂಡು ಸಾಲಾಗಿ ನಿಂತಿರುತ್ತವೆ. ಆ ಸಾಲಿನ ಒಂದು ಅಂಚಿನುದ್ದಕ್ಕೂ ಆಕ್ಸಿಜನ್ ಪರಮಾಣುಗಳಿವೆ. ಕ್ಯಾಲ್ಸಿಯಮ್, ಮೆಗ್ನೀಶಿಯಮ್, ಅಲ್ಯೂಮಿನಿಯಮ್, ಕಬ್ಬಿಣದಂಥ ಲೋಹದ ಅಯಾನು ಹತ್ತಿರ ಬಂದರೆ ಪಕ್ಕಪಕ್ಕದ ಎರಡು ಆಕ್ಸಿಜನ್‌ಗಳು ಅದನ್ನು ಎರಡು ಕಡೆಯಿಂದ ಹಿಡಿಯುತ್ತವೆ.

ಹೀಗೆ ಒಂದೇ ಅಣು ಎರಡು ಅಥವಾ ಹೆಚ್ಚು ಕೈಗಳಿಂದ ಲೋಹವನ್ನು ಹಿಡಿದ ಸಂಕೀರ್ಣಕ್ಕೆ 'ಕೀಲೇಟ್' ಎನ್ನುತ್ತಾರೆ. 1920ರಲ್ಲಿ ಮಾರ್ಗನ್ ಮತ್ತು ಡ್ರೂ ಎಂಬ ಬ್ರಿಟನ್ನಿನ ರಸಾಯನ ವಿಜ್ಞಾನಿಗಳು ಇಟ್ಟ ಹೆಸರಿದು. ಗ್ರೀಕ್ ಭಾಷೆಯಲ್ಲಿ ಏಡಿಯ ಇಕ್ಕುಳದಂಥ ಕೈಗೆ 'ಕೀಲೆ' ಅನ್ನುತ್ತಾರಂತೆ. ಗದ್ದೆಯ ಬದುವಿನಲ್ಲಿ ಏಡಿ ಹಿಡಿಯಲು ಹೋಗಿ ಬೆರಳು ಕೊಟ್ಟವರಿಗೆ ಆ ಹಿಡಿತ ಎಂಥದ್ದು ಅಂತ ಬೇರೆ ಹೇಳಬೇಕಾಗಿಲ್ಲ!

ಈಗ ಮೊದಲನೇ ಒಗಟು ಬಿಡಿಸಬಹುದು. ಒಂದು ಲೀಟರ್ ಹಾಲಿನಲ್ಲಿ ಒಂದು ಗ್ರಾಮಿಗಿಂತ ಹೆಚ್ಚು ಕ್ಯಾಲ್ಸಿಯಮ್ ಇದೆ. ಹಾಲಿನ ಜೊತೆ ನುಂಗಿದ ಟೆಟ್ರಾಸೈಕ್ಲಿನ್ ಕರುಳಿನಲ್ಲೇ ಆ ಕ್ಯಾಲ್ಸಿಯಮ್ಮನ್ನು ಹಿಡಿದುಕೊಳ್ಳುತ್ತದೆ. ಹಾಗೆ ಹಿಡಿದ ಜೋಡಿ ಕರುಳಿನ ಗೋಡೆಯನ್ನು ಸುಲಭವಾಗಿ ದಾಟಲಾರದು. ರಕ್ತಕ್ಕೆ ಸೇರುವ ಔಷಧ ಅರ್ಧಕ್ಕೆ, ಕೆಲವೊಮ್ಮೆ ಅದಕ್ಕಿಂತಲೂ ಕಡಿಮೆಗೆ ಇಳಿಯಬಹುದು. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣದ ಮಾತ್ರೆ, ಹೊಟ್ಟೆಯುರಿಗೆ ತೆಗೆದುಕೊಳ್ಳುವ ಅಲ್ಯೂಮಿನಿಯಮ್-ಮೆಗ್ನೀಶಿಯಮ್ ಇರುವ ಮಾತ್ರೆ, ಇವುಗಳ ಕತೆಯೂ ಇಷ್ಟೇ. ರೋಗಿ ಔಷಧ ನುಂಗಿದ್ದಾನೆ, ಆದರೆ ರೋಗಾಣುವಿಗೆ ಅದು ತಲುಪಿಲ್ಲ.

ಹೊಳೆಯುವುದು ಎಂದರೇನು?

ಎರಡನೇ ಗುಣ ಹೊಳಪು. ಕೆಲವು ವಸ್ತುಗಳು ಒಂದು ಬಣ್ಣದ ಬೆಳಕನ್ನು ನುಂಗಿ ಇನ್ನೊಂದು ಬಣ್ಣದ ಬೆಳಕನ್ನು ಹೊರಗೆ ಬಿಡುತ್ತವೆ. ಇದಕ್ಕೆ ಪ್ರತಿದೀಪ್ತಿ ಎನ್ನುತ್ತೇವೆ. ನೋಟು ಪರೀಕ್ಷಿಸುವ ನೇರಳೆ ಟಾರ್ಚಿನ ಕೆಳಗೆ ರೂಪಾಯಿ ನೋಟಿನ ಎಳೆಗಳು ಮಿನುಗುವುದು ಇದರಿಂದಲೇ.

1852ರಲ್ಲಿ ಜಾರ್ಜ್ ಸ್ಟೋಕ್ಸ್ ಎಂಬ ವಿಜ್ಞಾನಿ ಇದರ ಗುಟ್ಟನ್ನು ಬಿಡಿಸಿದರು. ಸೂರ್ಯನ ಬೆಳಕನ್ನು ಪಟ್ಟಕದಿಂದ ಏಳು ಬಣ್ಣಗಳಾಗಿ ಹರಡಿ, ಅದರ ಮೇಲೆ ಕ್ವಿನೈನ್ ದ್ರಾವಣದ ಕೊಳವೆಯನ್ನು ಸರಿಸುತ್ತ ಹೋದರು. ಕೆಂಪು, ಹಳದಿ, ಹಸಿರು ಬೆಳಕಿನಲ್ಲಿ ಏನೂ ಆಗಲಿಲ್ಲ. ನೇರಳೆಯ ಕೊನೆ ದಾಟಿ, ಕಣ್ಣಿಗೆ ಏನೂ ಕಾಣದ ಕತ್ತಲ ಜಾಗಕ್ಕೆ ಬಂದಾಗಲೂ ಕೊಳವೆ ನೀಲಿಯಾಗಿ ಹೊಳೆಯಿತು! ಕಾಣದ ಅತಿನೇರಳೆ ಕಿರಣವನ್ನು ನುಂಗಿ ಕಾಣುವ ನೀಲಿಯನ್ನು ಅದು ಹೊರಹಾಕುತ್ತಿತ್ತು. ಹೊರಬರುವ ಬೆಳಕಿನ ತರಂಗದೂರ ಒಳಗೆ ಹೋದ ಬೆಳಕಿಗಿಂತ ಹೆಚ್ಚು ಎಂಬ ನಿಯಮಕ್ಕೆ ಇಂದಿಗೂ ಸ್ಟೋಕ್ಸ್ ಅವರ ಹೆಸರಿದೆ. ಅಣು ನುಂಗಿದ ಶಕ್ತಿಯಲ್ಲಿ ಸ್ವಲ್ಪ ಒಳಗೇ ಕಂಪನವಾಗಿ ಖರ್ಚಾಗುತ್ತದೆ, ಉಳಿದದ್ದು ಮಾತ್ರ ಬೆಳಕಾಗಿ ಬರುತ್ತದೆ. ನೂರು ರೂಪಾಯಿಗೆ ಚಿಲ್ಲರೆ ಕೇಳಿದರೆ ತೊಂಬತ್ತು ವಾಪಸ್ ಕೊಟ್ಟ ಹಾಗೆ!

ಕ್ವಿನೈನ್ ಮಲೇರಿಯಾಕ್ಕೆ ಕೊಡುತ್ತಿದ್ದ ಔಷಧ. ನೀಲಗಿರಿಯ ಓದುಗರಿಗೆ ಇದು ಪರಿಚಿತ ಇರಬಹುದು. ದೊಡ್ಡಬೆಟ್ಟ, ನಡುವಟ್ಟಂ ಕಡೆ 1860ರ ದಶಕದಿಂದ ಸರ್ಕಾರ ಸಿಂಕೋನಾ ತೋಟಗಳನ್ನು ಬೆಳೆಸಿದ್ದು ಅದರ ತೊಗಟೆಯಿಂದ ಕ್ವಿನೈನ್ ತೆಗೆಯಲೆಂದೇ. ಕ್ವಿನೈನ್ ಆಮ್ಲದಲ್ಲಿ ತನ್ನಷ್ಟಕ್ಕೆ ತಾನೇ ಹೊಳೆಯುತ್ತದೆ. ಆದರೆ ಎಲ್ಲ ಔಷಧಗಳಿಗೂ ಆ ಭಾಗ್ಯವಿಲ್ಲ. ಟೆಟ್ರಾಸೈಕ್ಲಿನ್ ಒಂಟಿಯಾಗಿದ್ದಾಗ ಅದರ ಹೊಳಪು ತೀರಾ ಮಂದ. ಅದಕ್ಕೆ ಜೊತೆಗಾರ ಬೇಕು.

ಲೋಹ ಬಂದಾಗ ಏನಾಗತ್ತೆ?

ಬೆಳಕು ನುಂಗಿದ ಅಣುವಿನ ಕೈಯಲ್ಲಿ ಹೆಚ್ಚಿನ ಶಕ್ತಿ ಇರುತ್ತದೆ. ಅದನ್ನು ಕಳೆದುಕೊಳ್ಳಲು ಹಲವು ದಾರಿಗಳಿವೆ: ಅಲುಗಾಡಬಹುದು, ಬಳುಕಬಹುದು, ಒಂದು ಹೈಡ್ರೊಜನ್ನನ್ನು ಆಚೀಚೆ ಎಸೆಯಬಹುದು, ಸುತ್ತಲಿನ ನೀರಿಗೆ ಬಿಸಿಯಾಗಿ ಕೊಡಬಹುದು. ಈ ದಾರಿಗಳೆಲ್ಲ ತೆರೆದಿದ್ದರೆ ಬೆಳಕಾಗಿ ಹೊರಬರುವುದಕ್ಕೆ ಏನೂ ಉಳಿಯುವುದಿಲ್ಲ. ಹತ್ತು ಕಡೆ ಸೋರುವ ಕೊಡದಂತೆ.

ಕ್ಯಾಲ್ಸಿಯಮ್ ಅಥವಾ ಮೆಗ್ನೀಶಿಯಮ್ ಬಂದು ಆಕ್ಸಿಜನ್‌ಗಳ ನಡುವೆ ಕೂತರೆ ಅಣು ಬಿಗಿಯಾಗುತ್ತದೆ. ಅಲುಗಾಟ ಕಡಿಮೆ, ಹೈಡ್ರೊಜನ್ ಎಸೆಯುವ ಜಾಗದಲ್ಲಿ ಈಗ ಲೋಹ. ಸೋರುವ ತೂತುಗಳು ಮುಚ್ಚಿದವು. ಶಕ್ತಿಗೆ ಉಳಿದ ದಾರಿ ಬೆಳಕು. ಸುಮಾರು 390 ನ್ಯಾನೋಮೀಟರ್ ತರಂಗದೂರದ ನೇರಳೆ ಬೆಳಕು ಕೊಟ್ಟರೆ ಸುಮಾರು 520 ನ್ಯಾನೋಮೀಟರ್‌ನಲ್ಲಿ ಹಳದಿ-ಹಸಿರು ಬೆಳಕು ಬರುತ್ತದೆ.

ಹಾಗಂತ ಎಲ್ಲ ಲೋಹಗಳೂ ದೀಪ ಹಚ್ಚುವುದಿಲ್ಲ. ತಾಮ್ರ, ಕಬ್ಬಿಣ, ನಿಕೆಲ್, ಕೋಬಾಲ್ಟ್ ಅಯಾನುಗಳು ಟೆಟ್ರಾಸೈಕ್ಲಿನ್ನನ್ನು ಇನ್ನೂ ಬಿಗಿಯಾಗಿ ಹಿಡಿಯಬಲ್ಲವು, ಆದರೆ ಹೊಳಪನ್ನು ಆರಿಸಿಬಿಡುತ್ತವೆ. ಅವುಗಳಲ್ಲಿ ಅರ್ಧ ತುಂಬಿದ ಎಲೆಕ್ಟ್ರಾನ್ ಕಕ್ಷಕಗಳಿವೆ. ಅಣುವಿನ ಶಕ್ತಿ ಆ ಖಾಲಿ ಜಾಗಗಳ ಮೂಲಕ ಬಿಸಿಯಾಗಿ ಸೋರಿಹೋಗುತ್ತದೆ. ಕ್ಯಾಲ್ಸಿಯಮ್, ಮೆಗ್ನೀಶಿಯಮ್, ಅಲ್ಯೂಮಿನಿಯಮ್ ಅಯಾನುಗಳಲ್ಲಿ ಕಕ್ಷಕಗಳು ಪೂರ್ತಿ ತುಂಬಿರುವುದರಿಂದ ಈ ಕಳ್ಳದಾರಿ ಇಲ್ಲ.

ಲೋಹ ಸೇರಿಸಿ ಹೊಳಪಿನಿಂದ ಅಳೆಯುವ ಉಪಾಯ ಹಳೆಯದು. 1867ರಲ್ಲಿ ಸ್ವಿಟ್ಜರ್ಲೆಂಡಿನ ಗೊಪ್ಪೆಲ್ಸ್‌ರೋಡರ್ ಎಂಬ ರಸಾಯನ ವಿಜ್ಞಾನಿ ಮೋರಿನ್ ಎಂಬ ಹಳದಿ ಬಣ್ಣಕ್ಕೆ ಅಲ್ಯೂಮಿನಿಯಮ್ ಲವಣ ಹಾಕಿ, ಹುಟ್ಟಿದ ಹಸಿರು ಹೊಳಪಿನಿಂದ ಅಲ್ಯೂಮಿನಿಯಮ್ಮನ್ನು ಪತ್ತೆ ಮಾಡಿದರು. ಪ್ರತಿದೀಪ್ತಿಯಿಂದ ಮಾಡಿದ ಮೊದಲ ರಾಸಾಯನಿಕ ವಿಶ್ಲೇಷಣೆ ಅದೇ ಎನ್ನುತ್ತಾರೆ. ಮೋರಿನ್ ಅವರಿಗೆ ಸಿಕ್ಕಿದ್ದು ಅಮೆರಿಕ ಖಂಡದ ಒಂದು ಮರದಿಂದ. ಆದರೆ ಅದೇ ಮೋರಿನ್ ನಮ್ಮ ಹಲಸಿನ ಮರದ ಚೇಗಿನಲ್ಲೂ ಇದೆ. ಹಲಸಿನ ಹಲಗೆ ಕೊಯ್ಯುವಾಗ ಬೀಳುವ ಹಳದಿ ಹೊಟ್ಟನ್ನು ಕಾಸರಗೋಡು, ವಯನಾಡಿನ ಮಕ್ಕಳು ನೋಡಿಯೇ ಇರುತ್ತೀರಿ. ಬೌದ್ಧ ಭಿಕ್ಷುಗಳ ವಸ್ತ್ರಕ್ಕೆ ಬಣ್ಣ ಕಟ್ಟಲು ಅದನ್ನು ಬಳಸುತ್ತಿದ್ದರು.

ಗೊಪ್ಪೆಲ್ಸ್‌ರೋಡರ್ ಗೊತ್ತಿರುವ ಬಣ್ಣದಿಂದ ಗೊತ್ತಿಲ್ಲದ ಲೋಹವನ್ನು ಹುಡುಕಿದರು. ಅದನ್ನೇ ತಿರುಗಿಸಿ: ಗೊತ್ತಿರುವ ಲೋಹವನ್ನು ಧಾರಾಳವಾಗಿ ಹಾಕಿ, ಗೊತ್ತಿಲ್ಲದ ಔಷಧವನ್ನು ಅಳೆದರೆ? 1961ರಲ್ಲಿ ಅಮೆರಿಕದ ಕರ್ಟ್ ಕೋನ್ ಮಾಡಿದ್ದು ಇದನ್ನೇ. ಟೆಟ್ರಾಸೈಕ್ಲಿನ್‌ಗೆ ಕ್ಯಾಲ್ಸಿಯಮ್ ಮತ್ತು ಬಾರ್ಬಿಟಾಲ್ ಎಂಬ ಇನ್ನೊಂದು ವಸ್ತುವನ್ನು ಸೇರಿಸಿ, ಆ ಸಂಕೀರ್ಣವನ್ನು ಈಥೈಲ್ ಅಸಿಟೇಟ್ ಎಂಬ ದ್ರಾವಕಕ್ಕೆ ಎಳೆದುಕೊಂಡು ಅದರ ಹೊಳಪನ್ನು ಅಳೆದರು. ದೇಹದ ದ್ರವಗಳಲ್ಲಿರುವ ಔಷಧವನ್ನೂ ಹೀಗೆ ಅಳೆಯಬಹುದಾಯಿತು.

ಬೆಳಕಿನಿಂದ ಲೆಕ್ಕಕ್ಕೆ

ಹೊಳಪು ಅಳೆಯುವ ಯಂತ್ರಕ್ಕೆ ಫ್ಲೋರಿಮೀಟರ್ ಎಂದು ಹೆಸರು. ಅದರೊಳಗೆ ಒಂದು ದೀಪ, ಬೇಕಾದ ಬಣ್ಣವನ್ನಷ್ಟೇ ಬಿಡುವ ಜರಡಿ, ದ್ರಾವಣ ತುಂಬಿದ ಚೌಕ ಗಾಜಿನ ಪಾತ್ರೆ, ಬೆಳಕನ್ನು ಎಣಿಸುವ ಕಣ್ಣು. ಒಂದು ಮುಖ್ಯ ಸಂಗತಿ: ಯಂತ್ರದ ಕಣ್ಣು ದೀಪದ ಎದುರಿಗೆ ಇರುವುದಿಲ್ಲ, ಪಕ್ಕಕ್ಕೆ, 90 ಡಿಗ್ರಿ ಕೋನದಲ್ಲಿ ಇರುತ್ತದೆ. ಹಾಗಾಗಿ ದೀಪದ ಬೆಳಕು ನೇರವಾಗಿ ಕಣ್ಣಿಗೆ ಬೀಳುವುದಿಲ್ಲ, ಔಷಧದ ಹೊಳಪು ಮಾತ್ರ ಬೀಳುತ್ತದೆ.

ಇದರಿಂದಲೇ ಈ ವಿಧಾನ ಇಷ್ಟು ಸೂಕ್ಷ್ಮ. ಜಾತ್ರೆಯಲ್ಲಿ ಉರಿಯುವ ಸಾವಿರ ಬಲ್ಬುಗಳಲ್ಲಿ ಒಂದು ಆರಿದರೆ ಯಾರಿಗೂ ತಿಳಿಯದು. ಅಮಾವಾಸ್ಯೆಯ ರಾತ್ರಿ ಖಾಲಿ ಹೊಲದಲ್ಲಿ ಒಂದೇ ಹಣತೆ ಹಚ್ಚಿದರೆ ಮೈಲಿ ದೂರಕ್ಕೂ ಕಾಣುತ್ತದೆ. ದ್ರಾವಣದ ಬಣ್ಣ ಎಷ್ಟು ಬೆಳಕನ್ನು ನುಂಗಿತು ಎಂದು ಅಳೆಯುವುದು ಮೊದಲನೆಯ ಬಗೆ. ಹೊಳಪು ಅಳೆಯುವುದು ಎರಡನೆಯದು.

ಒಂದು ಕ್ಯಾಪ್ಸೂಲಿನ ಮೇಲೆ 250 ಮಿಲಿಗ್ರಾಮ್ ಎಂದು ಬರೆದಿದೆ ಅಂದುಕೊಳ್ಳಿ. ನಿಜವಾಗಿ ಅಷ್ಟಿದೆಯಾ? ಒಂದು ಲೆಕ್ಕ ಮಾಡೋಣ. ಇಲ್ಲಿನ ಅಂಕಿಗಳು ಕ್ರಮ ತಿಳಿಯಲು ಹೆಣೆದವು.

ಮೊದಲು ಪುಡಿಯನ್ನು ಕರಗಿಸಿ 250 ಮಿ.ಲೀ. ಮಾಡುತ್ತೇವೆ. ಚೀಟಿ ಸರಿಯಿದ್ದರೆ ಪ್ರತಿ ಮಿ.ಲೀ.ಗೆ 1,000 ಮೈಕ್ರೋಗ್ರಾಮ್. ಇದು ತುಂಬಾ ಗಟ್ಟಿ. ಇದರಿಂದ 1 ಮಿ.ಲೀ. ತೆಗೆದು 100 ಮಿ.ಲೀ.ಗೆ ಏರಿಸಿದರೆ 10 ಮೈಕ್ರೋಗ್ರಾಮ್. ಅದರಿಂದ 5 ಮಿ.ಲೀ. ತೆಗೆದು ಮತ್ತೆ 100 ಮಿ.ಲೀ. ಮಾಡಿದರೆ ಮಿ.ಲೀ.ಗೆ 0.5 ಮೈಕ್ರೋಗ್ರಾಮ್. ಈ ಕೊನೆಯ ದ್ರಾವಣಕ್ಕೆ ಲೋಹದ ಲವಣವನ್ನೂ ಬೇಕಾದ ಪಿಎಚ್ ಕೊಡುವ ಬಫರನ್ನೂ ಸೇರಿಸಿರುತ್ತೇವೆ.

ಜೊತೆಗೆ, ಶುದ್ಧ ಟೆಟ್ರಾಸೈಕ್ಲಿನ್ ತೂಗಿ ಮಾಡಿದ ಪ್ರಮಾಣಿತ ದ್ರಾವಣಗಳು ಬೇಕು. ಯಂತ್ರದಲ್ಲಿ ಅವು ತೋರಿಸಿದ ಹೊಳಪು ಹೀಗಿರಲಿ:

ಔಷಧ ಇಲ್ಲದ ದ್ರಾವಣ: 4
0.2 ಮೈಕ್ರೋಗ್ರಾಮ್: 24
0.4 ಮೈಕ್ರೋಗ್ರಾಮ್: 44
0.6 ಮೈಕ್ರೋಗ್ರಾಮ್: 64
0.8 ಮೈಕ್ರೋಗ್ರಾಮ್: 84

ನಕ್ಷೆ ಹಾಳೆಯಲ್ಲಿ ಗುರುತಿಸಿದರೆ ಸರಳ ರೇಖೆ ಬರುತ್ತದೆ. ಈಗ ನಮ್ಮ ಕ್ಯಾಪ್ಸೂಲಿನ ದ್ರಾವಣ 51.5 ತೋರಿಸಿತು. ಔಷಧವೇ ಇಲ್ಲದ ದ್ರಾವಣದ 4 ಕಳೆದರೆ 47.5. ಒಂದು ಮೈಕ್ರೋಗ್ರಾಮಿಗೆ 100ರಂತೆ ಏರುತ್ತಿರುವುದರಿಂದ ಇದರಲ್ಲಿರುವುದು 0.475 ಮೈಕ್ರೋಗ್ರಾಮ್. ತೆಳುಗೊಳಿಸಿದ್ದನ್ನು ಹಿಂದಕ್ಕೆ ಗುಣಿಸಿ: 0.475 × 20 × 100 × 250 = 2,37,500 ಮೈಕ್ರೋಗ್ರಾಮ್, ಅಂದರೆ 237.5 ಮಿಲಿಗ್ರಾಮ್. ಬರೆದದ್ದರ ಶೇಕಡಾ 95. ಎಷ್ಟು ಹೆಚ್ಚು-ಕಡಿಮೆ ಇದ್ದರೆ ನಡೆಯುತ್ತದೆ ಎಂದು ಪ್ರತಿ ದೇಶದ ಔಷಧ ಸಂಹಿತೆ ಗೊತ್ತುಮಾಡಿರುತ್ತದೆ.

ಆ 4 ಎಲ್ಲಿಂದ ಬಂತು ಅಂತ ಕೇಳಿದಿರಾ? ಗಾಜು, ನೀರು, ಲವಣದಲ್ಲಿರುವ ಕೊಳೆ ಇವೂ ಒಂದಿಷ್ಟು ಮಿನುಗುತ್ತವೆ. ಅದನ್ನು ಕಳೆಯದೇ ಹೋದರೆ ಔಷಧ ಇಲ್ಲದ ಕಡೆಯೂ ಇದೆ ಎಂದು ಬರೆಯಬೇಕಾಗುತ್ತದೆ.

ಅಷ್ಟೊಂದು ತೆಳು ಮಾಡುವುದು ಯಾಕೆ? ದ್ರಾವಣ ಗಟ್ಟಿಯಾದರೆ ಮುಂದಿನ ಸಾಲಿನ ಅಣುಗಳೇ ಬೆಳಕನ್ನೆಲ್ಲ ನುಂಗಿಬಿಡುತ್ತವೆ, ಹಿಂದಿನವಕ್ಕೆ ಸಿಗುವುದೇ ಇಲ್ಲ. ಆಗ ರೇಖೆ ಬಾಗುತ್ತದೆ. ಔಷಧ ಹೆಚ್ಚಿದರೂ ಹೊಳಪು ಹೆಚ್ಚುವುದಿಲ್ಲ, ಕೆಲವೊಮ್ಮೆ ಕಡಿಮೆಯೂ ಆಗುತ್ತದೆ.

ಇನ್ನೊಂದು ಎಚ್ಚರ ಬೇಕು. ಬಿಸಿ, ತೇವದಲ್ಲಿ ಇಟ್ಟ ಹಳೆಯ ಟೆಟ್ರಾಸೈಕ್ಲಿನ್ ಕೆಟ್ಟು ಬೇರೆ ವಸ್ತುಗಳಾಗುತ್ತದೆ. ಅವುಗಳಲ್ಲಿ ಒಂದು ಮೂತ್ರಪಿಂಡಕ್ಕೆ ಹಾನಿ ಮಾಡುತ್ತದೆ. ಹೀಗೆ ಕೆಟ್ಟ ಅಣುಗಳೂ ಲೋಹದ ಕೈ ಹಿಡಿಯಬಲ್ಲವು. ಏನೋ ಹೊಳೆಯುತ್ತಿದೆ ಎನ್ನುವುದನ್ನು ಬೆಳಕು ಹೇಳುತ್ತದೆ, ಹೊಳೆಯುತ್ತಿರುವವರು ಯಾರು ಎಂದು ಯಾವಾಗಲೂ ಹೇಳುವುದಿಲ್ಲ. ಅದಕ್ಕೇ ಪ್ರಯೋಗಾಲಯದವರು ಮೊದಲು ವಸ್ತುಗಳನ್ನು ಬೇರೆ ಬೇರೆ ಮಾಡಿ, ಆಮೇಲೆ ಅಳೆಯುತ್ತಾರೆ.

ಹಾಲಿನೊಳಗೆ ಹುಡುಕಾಟ

ಹಸುವಿಗೆ ಕೆಚ್ಚಲು ಬಾವು ಬಂದರೆ ಪಶುವೈದ್ಯರು ಟೆಟ್ರಾಸೈಕ್ಲಿನ್ ಕುಟುಂಬದ ಔಷಧ ಕೊಡುವುದುಂಟು. ಔಷಧ ಕೊಟ್ಟ ಮೇಲೆ ಇಂತಿಷ್ಟು ದಿನ ಹಾಲನ್ನು ಡೈರಿಗೆ ಹಾಕಬಾರದು ಎಂಬ ನಿಯಮವಿದೆ. ಆ ದಿನಗಳೆಷ್ಟು ಎಂದು ಔಷಧದ ಚೀಟಿಯಲ್ಲೇ ಬರೆದಿರುತ್ತದೆ. ಆದರೆ ದಿನದ ಹಾಲಿನ ಹಣದಲ್ಲೇ ಮನೆ ನಡೆಸುವವರಿಗೆ ಹಾಲು ಚೆಲ್ಲುವುದು ಸಣ್ಣ ಮಾತಲ್ಲ. ಚೆಲ್ಲದೆ ಹಾಕಿದರೆ? ಹಾಲು ಕುದಿಸಿದರೂ ಔಷಧ ಪೂರ್ತಿ ನಾಶವಾಗುವುದಿಲ್ಲ. ಪ್ರಮಾಣ ಹೆಚ್ಚಿದ್ದರೆ ಹೆಪ್ಪಿನ ಬ್ಯಾಕ್ಟೀರಿಯಾಗಳು ಸೊರಗಿ ಮೊಸರೇ ಸರಿಯಾಗಿ ಕಟ್ಟುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಕಾಯಿಲೆ ಇಲ್ಲದವರ ಹೊಟ್ಟೆಗೂ ದಿನವೂ ಚೂರು ಚೂರು ಔಷಧ ಹೋಗುತ್ತದೆ. ಅಲ್ಲಿನ ಬ್ಯಾಕ್ಟೀರಿಯಾಗಳು ಆ ಔಷಧಕ್ಕೆ ಜಗ್ಗದಿರುವುದನ್ನು ಕಲಿಯಲು ಅದು ದಾರಿ ಮಾಡುತ್ತದೆ. ನಾಳೆ ನಿಜವಾಗಿ ಕಾಯಿಲೆ ಬಂದಾಗ ಔಷಧ ಕೆಲಸ ಮಾಡದೇ ಹೋಗಬಹುದು.

ಹಾಲಿನಲ್ಲಿ ಈ ಔಷಧಗಳು ಲೀಟರಿಗೆ 100 ಮೈಕ್ರೋಗ್ರಾಮ್ ಮೀರಬಾರದು ಎಂದು ಅಂತಾರಾಷ್ಟ್ರೀಯ ಆಹಾರ ಸಂಹಿತೆಯಾದ ಕೋಡೆಕ್ಸ್ ಹೇಳುತ್ತದೆ. ಇದು ಎಷ್ಟು ಕಡಿಮೆ ಎಂದರೆ, 10,000 ಲೀಟರ್ ಹಾಲಿನ ಟ್ಯಾಂಕರಿಗೆ ಒಂದು ಗ್ರಾಮ್. ಅಂದರೆ 250 ಮಿಲಿಗ್ರಾಮಿನ ನಾಲ್ಕೇ ಕ್ಯಾಪ್ಸೂಲು! ಅಷ್ಟನ್ನು ಪತ್ತೆ ಹಚ್ಚಬೇಕು.

ಇಲ್ಲಿ ಎರಡು ಅಡ್ಡಿಗಳು. ಮೊದಲನೆಯದು ಹಾಲೇ. ಕೊಬ್ಬು, ಕೇಸೀನ್ ಪ್ರೋಟೀನು ಬೆಳಕನ್ನು ಚದುರಿಸುತ್ತವೆ. ಔಷಧವೂ ಕ್ಯಾಲ್ಸಿಯಮ್ ಮತ್ತು ಪ್ರೋಟೀನಿಗೆ ಅಂಟಿ ಕೂತಿರುತ್ತದೆ. ಅದನ್ನು ಬಿಡಿಸಲು ಇಡಿಟಿಎ ಎಂಬ ಇನ್ನೊಂದು ಏಡಿಯನ್ನು ಬಿಡುತ್ತಾರೆ. ಲೋಹ ಹಿಡಿಯುವುದರಲ್ಲಿ ಅದು ಟೆಟ್ರಾಸೈಕ್ಲಿನ್ನಿಗಿಂತ ಗಟ್ಟಿಗ. ಆಮ್ಲದ ಬಫರಿನಲ್ಲಿ ಇಡಿಟಿಎ ಹಾಕಿದರೆ ಅದು ಕ್ಯಾಲ್ಸಿಯಮ್ಮನ್ನು ಕಿತ್ತುಕೊಳ್ಳುತ್ತದೆ, ಔಷಧ ಬಿಡುಗಡೆಯಾಗುತ್ತದೆ, ಪ್ರೋಟೀನು ತಳಕ್ಕೆ ಕೂರುತ್ತದೆ. ಸೋಸಿ ತೆಗೆದ ಔಷಧಕ್ಕೆ ಆಮೇಲೆ ನಮಗೆ ಬೇಕಾದ ಲೋಹವನ್ನು ಕೊಡಬಹುದು.

ಎರಡನೆಯ ಅಡ್ಡಿ ರೈಬೋಫ್ಲೇವಿನ್, ಅಂದರೆ ವಿಟಮಿನ್ ಬಿ2. ಹಾಲು ಒಡೆದಾಗ ಮೇಲೆ ನಿಲ್ಲುವ ನೀರಿಗೆ ಹಸಿರು-ಹಳದಿ ಛಾಯೆ ಇರುತ್ತದಲ್ಲ, ಅದು ಇದರದ್ದೇ. ಇದೂ ಸುಮಾರು 520-530 ನ್ಯಾನೋಮೀಟರಿನಲ್ಲಿ ಚೆನ್ನಾಗಿ ಹೊಳೆಯುತ್ತದೆ. ಟೆಟ್ರಾಸೈಕ್ಲಿನ್-ಕ್ಯಾಲ್ಸಿಯಮ್ ಹೊಳೆಯುವುದೂ ಹೆಚ್ಚುಕಡಿಮೆ ಅಲ್ಲೇ. ವಿಟಮಿನ್ ಯಾವುದು, ಔಷಧ ಯಾವುದು ಎಂದು ಗುರುತಿಸುವುದು ಹೇಗೆ?

ಇದಕ್ಕೊಂದು ಜಾಣ ಉಪಾಯವಿದೆ: ಲೋಹ ಬದಲಿಸಿ. ಕ್ಯಾಲ್ಸಿಯಮ್ ಬದಲು ಯುರೋಪಿಯಮ್ ಹಾಕುತ್ತಾರೆ. ಆವರ್ತ ಕೋಷ್ಟಕದ ಕೆಳಗಿನ ಪ್ರತ್ಯೇಕ ಸಾಲಿನಲ್ಲಿರುವ 63ನೇ ಧಾತು ಅದು. ಯುರೋಪಿಯಮ್ ಅಯಾನು ಬೆಳಕನ್ನು ನುಂಗುವುದರಲ್ಲಿ ಬಲು ಸೋಮಾರಿ. ಆದರೆ ಟೆಟ್ರಾಸೈಕ್ಲಿನ್ ಜೊತೆ ಕೂಡಿದರೆ ಬೆಳಕನ್ನು ನುಂಗುವುದು ಟೆಟ್ರಾಸೈಕ್ಲಿನ್, ನುಂಗಿದ ಶಕ್ತಿಯನ್ನು ಅದು ದಾಟಿಸುವುದು ಯುರೋಪಿಯಮ್ಮಿಗೆ, ಹೊಳೆಯುವುದು ಯುರೋಪಿಯಮ್. ಅಣು ಇಲ್ಲಿ ಆಂಟೆನಾದಂತೆ ಕೆಲಸ ಮಾಡುತ್ತದೆ. ಬರುವ ಬೆಳಕು ಹಸಿರಲ್ಲ, ಸುಮಾರು 615 ನ್ಯಾನೋಮೀಟರಿನ ಕೆಂಪು. ಅದೂ ಕಡ್ಡಿ ಗೀರಿದಷ್ಟು ಸಪೂರ ಪಟ್ಟಿ.

ಬಣ್ಣ ಬೇರೆಯಾದದ್ದಷ್ಟೇ ಅಲ್ಲ, ಹೊತ್ತೂ ಬೇರೆ. ದೀಪ ಆರಿಸಿದ ಮೇಲೆ ರೈಬೋಫ್ಲೇವಿನ್ ಹೊಳಪು ಕೆಲವೇ ನ್ಯಾನೋಸೆಕೆಂಡಿನಲ್ಲಿ, ಅಂದರೆ ಸೆಕೆಂಡಿನ ನೂರು ಕೋಟಿಯ ಕೆಲವು ಭಾಗಗಳಲ್ಲಿ ಮುಗಿದುಹೋಗುತ್ತದೆ. ಯುರೋಪಿಯಮ್ ಹೊಳಪು ಅದಕ್ಕಿಂತ ಸಾವಿರಾರು ಪಟ್ಟು ಹೆಚ್ಚು ಹೊತ್ತು ನಿಲ್ಲುತ್ತದೆ. ಯಂತ್ರ ದೀಪವನ್ನು ಮಿಂಚಿಸಿ, ಕ್ಷಣದ ಚೂರು ಕಾದು, ಆಮೇಲೆ ಕಣ್ಣು ತೆರೆಯುತ್ತದೆ. ಆಗ ಹಾಲಿನ ಹೊಳಪೆಲ್ಲ ಆರಿ, ಔಷಧದ ಕೆಂಪು ಮಾತ್ರ ಉಳಿದಿರುತ್ತದೆ. ಗಲಾಟೆ ಮಾಡುವವರೆಲ್ಲ ಮನೆಗೆ ಹೋದ ಮೇಲೆ ಹಾಜರಿ ಕರೆದ ಹಾಗೆ!

ಮೂಳೆಯಲ್ಲಿ ಉಳಿದ ಗೆರೆ

ಇನ್ನು ಉಳಿದ ಎರಡು ಒಗಟುಗಳು. ಹಲ್ಲು, ಮೂಳೆ ಎಂದರೆ ಬಹುಪಾಲು ಕ್ಯಾಲ್ಸಿಯಮ್ ಫಾಸ್ಫೇಟ್. ಅವು ಬೆಳೆಯುವ ದಿನಗಳಲ್ಲಿ ಟೆಟ್ರಾಸೈಕ್ಲಿನ್ ರಕ್ತದಲ್ಲಿದ್ದರೆ ಆವತ್ತು ಕಟ್ಟುವ ಪದರಿನ ಕ್ಯಾಲ್ಸಿಯಮ್ಮಿಗೆ ಅಂಟಿಕೊಂಡು ಒಳಗೇ ಉಳಿಯುತ್ತದೆ. ಬೆಳೆಯುತ್ತಿರುವ ಹಲ್ಲಿನಲ್ಲಿ ಮೊದಲು ಹಳದಿ, ಬೆಳಕು ಬಿದ್ದು ಬಿದ್ದು ವರ್ಷ ಕಳೆದಂತೆ ಕಂದು ಕಲೆ. ಎಷ್ಟು ಉಜ್ಜಿದರೂ ಹೋಗುವುದಿಲ್ಲ, ಯಾಕೆಂದರೆ ಅದು ಹಲ್ಲಿನ ಮೇಲಿಲ್ಲ, ಒಳಗಿದೆ. ಇದು ವೈದ್ಯರ ಗಮನಕ್ಕೆ ಬಂದದ್ದು 1950ರ ದಶಕದಲ್ಲಿ. ಹಾಗಾಗಿ ಚಿಕ್ಕ ಮಕ್ಕಳಿಗೂ, ಹೊಟ್ಟೆಯಲ್ಲಿರುವ ಕೂಸಿನ ಹಲ್ಲು ಕಟ್ಟುವ ತಿಂಗಳುಗಳಲ್ಲಿ ಬಸುರಿಯರಿಗೂ ಇದನ್ನು ಸಾಮಾನ್ಯವಾಗಿ ಕೊಡುವುದಿಲ್ಲ. ಕೆಲವು ಗಂಭೀರ ಜ್ವರಗಳಲ್ಲಿ ಇದೇ ಕುಟುಂಬದ ಡಾಕ್ಸಿಸೈಕ್ಲಿನ್ ಕೊಡಬೇಕೋ ಎಂಬುದನ್ನು ವೈದ್ಯರೇ ತೂಗಿ ನೋಡಿ ತೀರ್ಮಾನಿಸುತ್ತಾರೆ. ಅದಕ್ಕೆ ಕ್ಯಾಲ್ಸಿಯಮ್ ಮೇಲಿನ ಒಲವು ಸ್ವಲ್ಪ ಕಡಿಮೆ.

ಇದೇ ಕಲೆಯನ್ನು ವೈದ್ಯರು ಗಡಿಯಾರ ಮಾಡಿಕೊಂಡರು. ಮೂಳೆ ರೋಗವಿರುವ ದೊಡ್ಡವರಿಗೆ ಕೆಲವು ದಿನ ಟೆಟ್ರಾಸೈಕ್ಲಿನ್ ಕೊಟ್ಟು, ನಡುವೆ ಬಿಟ್ಟು, ಮತ್ತೆ ಕೊಡುತ್ತಾರೆ. ಆಮೇಲೆ ಮೂಳೆಯ ಚೂರನ್ನು ಸೂಕ್ಷ್ಮದರ್ಶಕದ ಅತಿನೇರಳೆ ಬೆಳಕಿನಲ್ಲಿ ನೋಡಿದರೆ ಎರಡು ಹೊಳೆಯುವ ಗೆರೆಗಳು ಕಾಣುತ್ತವೆ. ಎರಡು ಗೆರೆಗಳ ನಡುವಿನ ದೂರವನ್ನು ದಿನಗಳಿಂದ ಭಾಗಿಸಿದರೆ ಮೂಳೆ ದಿನಕ್ಕೆಷ್ಟು ಬೆಳೆಯುತ್ತಿದೆ ಎಂದು ತಿಳಿಯುತ್ತದೆ.

ಸುಡಾನಿನ ಆ ಹಳೆಯ ಮೂಳೆಗಳು ನುಬಿಯಾ ಎಂಬ ನಾಡಿನ ಜನರದ್ದು, ಸುಮಾರು ಕ್ರಿ.ಶ. 350ರ ಕಾಲದವು. 1980ರಲ್ಲಿ ಎವರೆಟ್ ಬ್ಯಾಸೆಟ್, ಜಾರ್ಜ್ ಆರ್ಮೆಲಾಗೋಸ್ ಮತ್ತು ಸಂಗಡಿಗರು ಅವುಗಳ ಹೊಳಪನ್ನು ನೋಡಿ ಇದು ಟೆಟ್ರಾಸೈಕ್ಲಿನ್ ಎಂದರು. 1948ರಲ್ಲಿ ಬಂದ ಔಷಧ ಅಷ್ಟು ಹಿಂದೆ ಹೇಗೆ? ಬಹಳ ಮಂದಿ ನಂಬಲಿಲ್ಲ. ಹೊಳಪು ಒಂದೇ ಸಾಕ್ಷಿಯಾದರೆ ನಂಬದಿರುವುದೂ ಸರಿಯೇ. 2010ರಲ್ಲಿ ಮೂಳೆಯನ್ನು ಆಮ್ಲದಲ್ಲಿ ಕರಗಿಸಿ, ಅಣುವಿನ ತೂಕವನ್ನೇ ಅಳೆಯುವ ಯಂತ್ರದಿಂದ ಅದು ಟೆಟ್ರಾಸೈಕ್ಲಿನ್ನೇ ಎಂದು ಖಚಿತಪಡಿಸಿದರು. ಅವರು ಧಾನ್ಯದಿಂದ ಬಿಯರ್ ಮಾಡುತ್ತಿದ್ದಾಗ ಮಣ್ಣಿನ ಸ್ಟ್ರೆಪ್ಟೊಮೈಸಿಸ್ ಅದರಲ್ಲಿ ಬೆಳೆದು ಔಷಧ ಸೇರಿರಬೇಕು ಎನ್ನುವುದು ವಿಜ್ಞಾನಿಗಳ ವಿವರಣೆ. ಬೆಳಕು ದಾರಿ ತೋರಿಸಿತು, ಇನ್ನೊಂದು ವಿಧಾನ ಸಾಕ್ಷಿ ಹೇಳಿತು. ಡೈರಿಯ ಪರೀಕ್ಷೆಯಲ್ಲೂ ನಿಯಮ ಇದೇ: ಅನುಮಾನ ಬಂದ ಹಾಲನ್ನು ಬೇರೊಂದು ವಿಧಾನದಿಂದ ಖಚಿತ ಮಾಡಿಕೊಂಡೇ ತೀರ್ಪು ಕೊಡಬೇಕು. ಯಾಕೆಂದರೆ ಆ ತೀರ್ಪಿನ ಮೇಲೆ ಒಂದು ಮನೆಯ ಸಂಪಾದನೆ ನಿಂತಿದೆ, ಇನ್ನೊಂದು ಮನೆಯ ಮಗುವಿನ ಆರೋಗ್ಯವೂ ನಿಂತಿದೆ.

ಮಾಡಿ ನೋಡಿ

ಔಷಧದ ಕ್ಯಾಪ್ಸೂಲು ಒಡೆದು ಪ್ರಯೋಗ ಮಾಡುವುದು ಬೇಡ. ಲೋಹ ಮತ್ತು ಹೊಳಪಿನ ಆಟವನ್ನು ಎಲೆಯಲ್ಲೇ ನೋಡಬಹುದು. ಎಲೆಯ ಹರಿತ್ತು ಮೆಗ್ನೀಶಿಯಮ್ಮನ್ನು ನಡುವೆ ಹಿಡಿದುಕೊಂಡಿರುವ ಒಂದು ಸಂಕೀರ್ಣ. ಗುರುಗಳು ಜೊತೆಗಿರಲಿ, ಹತ್ತಿರ ಬೆಂಕಿ ಬೇಡ, ಟಾರ್ಚನ್ನು ಕಣ್ಣಿಗೆ ಬಿಡಬೇಡಿ.

1. ಪಾಲಕ್ ಅಥವಾ ಬಸಳೆ ಎಲೆಯನ್ನು ಜಜ್ಜಿ ಸರ್ಜಿಕಲ್ ಸ್ಪಿರಿಟ್‌ನಲ್ಲಿ ನೆನೆಸಿ, ಸೋಸಿ. ಕತ್ತಲ ಕೋಣೆಯಲ್ಲಿ ನೋಟು ಪರೀಕ್ಷಿಸುವ ಟಾರ್ಚ್ ಬಿಡಿ. ಹಸಿರು ದ್ರಾವಣ ರಕ್ತಗೆಂಪಾಗಿ ಹೊಳೆಯುತ್ತದೆ.

2. ದ್ರಾವಣವನ್ನು ಎರಡು ಶೀಶೆಗಳಿಗೆ ಸಮನಾಗಿ ಹಾಕಿ. ಎರಡಕ್ಕೂ ಕೆಲವು ಹನಿ ವಿನೆಗರ್ ಸೇರಿಸಿ. ಒಂದಕ್ಕೆ ಮಾತ್ರ ನೀರಿನಲ್ಲಿ ಕರಗಿಸಿದ ಮೈಲುತುತ್ತದ ಕೆಲವು ಹನಿ ಹಾಕಿ. ಅಡಿಕೆ ತೋಟಕ್ಕೆ ಬೋರ್ಡೋ ದ್ರಾವಣ ಮಾಡುವ ಅದೇ ತಾಮ್ರದ ಲವಣ ಇದು. ವಿಷಕಾರಿ, ಕೈ ತೊಳೆಯಿರಿ. ಇನ್ನೊಂದಕ್ಕೆ ಅಷ್ಟೇ ನೀರು ಹಾಕಿ. ಎರಡನ್ನೂ ಬಿಸಿನೀರಿನ ಪಾತ್ರೆಯಲ್ಲಿ ಇಟ್ಟು, ಹತ್ತು ನಿಮಿಷಕ್ಕೊಮ್ಮೆ ಬಣ್ಣ ಮತ್ತು ಹೊಳಪನ್ನು ಬರೆದುಕೊಳ್ಳಿ. ಯಾವುದರಲ್ಲಿ ಹಸಿರು ಉಳಿಯಿತು? ಯಾವುದರಲ್ಲಿ ಕೆಂಪು ಹೊಳಪು ಕುಂದಿತು?

3. ಹಲಸಿನ ಹಲಗೆಯ ಹಳದಿ ಹೊಟ್ಟು ಸಿಕ್ಕಿದರೆ ಅದನ್ನೂ ಸ್ಪಿರಿಟ್‌ನಲ್ಲಿ ನೆನೆಸಿ ಎರಡು ಪಾಲು ಮಾಡಿ. ಒಂದಕ್ಕೆ ಪಟಿಕದ ನೀರು, ಇನ್ನೊಂದಕ್ಕೆ ಬರೀ ನೀರು ಹಾಕಿ, ಟಾರ್ಚಿನ ಕೆಳಗೆ ಹೋಲಿಸಿ. ಪಟಿಕದಲ್ಲಿರುವ ಲೋಹ ಯಾವುದು?

ಯೋಚಿಸಿ, ಉತ್ತರಿಸಿ

1. ಮೈಲುತುತ್ತ ಹಾಕಿದ ಶೀಶೆ ಹಸಿರಾಗಿಯೇ ಇದ್ದು ಹೊಳಪು ಮಾತ್ರ ಕುಂದುವುದು ಯಾಕೆ?

2. 20,000 ಲೀಟರ್ ಟ್ಯಾಂಕರಿನ ಹಾಲು ಕೋಡೆಕ್ಸ್ ಮಿತಿಯನ್ನು ಮುಟ್ಟಲು 250 ಮಿಲಿಗ್ರಾಮಿನ ಎಷ್ಟು ಕ್ಯಾಪ್ಸೂಲುಗಳಷ್ಟು ಔಷಧ ಸಾಕು?

3. ಮೇಲಿನ ಲೆಕ್ಕದಲ್ಲಿ ಔಷಧ ಇಲ್ಲದ ದ್ರಾವಣದ 4 ಕಳೆಯುವುದನ್ನು ಮರೆತಿದ್ದರೆ ಕ್ಯಾಪ್ಸೂಲಿನಲ್ಲಿ ಎಷ್ಟಿದೆ ಎಂದು ಬರುತ್ತಿತ್ತು? ಆ ತಪ್ಪಿನಿಂದ ಯಾರಿಗೆ ನಷ್ಟ?

4. ಮನೆಯಲ್ಲಿ ಹಸು, ಎಮ್ಮೆ ಇದ್ದರೆ ಅವುಗಳಿಗೆ ಕೊಟ್ಟ ಔಷಧದ ಚೀಟಿಯನ್ನು ಹಿರಿಯರ ಜೊತೆ ಕೂತು ಓದಿ. ಹಾಲನ್ನು ಎಷ್ಟು ದಿನ ಬಳಸಬಾರದು ಎಂದು ಬರೆದಿದೆ? ಅದನ್ನು ನಿಮ್ಮ ಮನೆಯ ಭಾಷೆಯಲ್ಲಿ ದೊಡ್ಡದಾಗಿ ಬರೆದು ಕೊಟ್ಟಿಗೆಯ ಕಂಬಕ್ಕೆ ಅಂಟಿಸಿ.